ದೂರು ಮುಗಿದಿದೆ, ಗುಂಡಿ ಹಾಗೇ ಇದೆ

ಬೆಂಗಳೂರಿನಲ್ಲಿ ಪಾಲಿಕೆಗೆ ದೂರು ಕೊಡಲು ಇಂದು ದಾರಿಗಳಿಗೆ ಬರವಿಲ್ಲ. 1533ಕ್ಕೆ ಫೋನ್ ಮಾಡಿ ಹೇಳಬಹುದು, ‘ಸಹಾಯ’ ತಂತ್ರಾಂಶದಲ್ಲಿ ಬರೆಯಬಹುದು, ಗುಂಡಿಯ ಫೋಟೊ ತೆಗೆದು ಆ್ಯಪ್‌ಗೆ ಏರಿಸಬಹುದು, ‘ಎಕ್ಸ್’ನಲ್ಲಿ ಆಯುಕ್ತರ ಖಾತೆಯನ್ನೇ ಟ್ಯಾಗ್ ಮಾಡಬಹುದು. ನೀರು, ಒಳಚರಂಡಿಗೆ ಜಲಮಂಡಳಿಯ 1916 ಇದೆ, ಕರೆಂಟಿಗೆ ಬೆಸ್ಕಾಂನ 1912 ಇದೆ. ಯಾರ ಬಳಿ ಹೇಳಿಕೊಳ್ಳಬೇಕೆಂದೇ ತಿಳಿಯದವರಿಗೆ ರಾಜ್ಯ ಸರ್ಕಾರದ ಜನಸ್ಪಂದನ 1902. ಹಿಂದೆ ಇದೇ ಕೆಲಸಕ್ಕೆ ವಾರ್ಡ್ ಕಚೇರಿಯ ಬೆಂಚಿನ ಮೇಲೆ ಅರ್ಧ ದಿನ ಕೂರಬೇಕಿತ್ತು. ಅರ್ಜಿಯ ನಕಲಿಗೆ ‘ಸ್ವೀಕರಿಸಿದೆ’ ಎಂಬ ಸೀಲು ಹಾಕಿಸಿಕೊಳ್ಳಲು ಗುಮಾಸ್ತರ ಮುಖ ನೋಡುತ್ತ ನಿಲ್ಲಬೇಕಿತ್ತು. ಅಷ್ಟರ ಮಟ್ಟಿಗೆ ತಂತ್ರಜ್ಞಾನ ಗೆದ್ದಿದೆ. ಆದರೂ ಓದುಗರು ಬಿಡದೆ ಕೇಳುವ ಪ್ರಶ್ನೆ ಒಂದಿದೆ: ದೂರು ಮುಕ್ತಾಯವಾಯಿತೆಂದು ಮೊಬೈಲಿಗೆ ಸಂದೇಶ ಬರುತ್ತದೆ, ಗುಂಡಿ ಮಾತ್ರ ಇದ್ದಲ್ಲೇ ಇರುತ್ತದೆ, ಯಾಕೆ?

ಉತ್ತರ ಬೇಕಾದರೆ ದೂರಿನ ಬೆನ್ನು ಹತ್ತಬೇಕು. ಮೊಬೈಲಿನಿಂದ ಹೊರಟ ಫೋಟೊದ ಜೊತೆ ಜಾಗದ ಗುರುತು, ಸಮಸ್ಯೆಯ ಬಗೆ ಮತ್ತು ದೂರುದಾರರ ನಂಬರ್ ಹೋಗುತ್ತವೆ. ಜಾಗವನ್ನು ಜಿಪಿಎಸ್ ಹೇಳುತ್ತದೆ, ಬಗೆಯನ್ನು ದೂರುದಾರರೇ ಪಟ್ಟಿಯಲ್ಲಿ ಆರಿಸುತ್ತಾರೆ. ಇವೆರಡನ್ನೂ ತಾಳೆ ಹಾಕಿ ತಂತ್ರಾಂಶವು ದೂರನ್ನು ಒಬ್ಬ ಅಧಿಕಾರಿಯ ಲಾಗಿನ್‌ಗೆ ತಳ್ಳುತ್ತದೆ. ಗುಂಡಿಯಾದರೆ ವಾರ್ಡಿನ ಸಹಾಯಕ ಎಂಜಿನಿಯರ್‌ಗೆ, ಕಸವಾದರೆ ಘನತ್ಯಾಜ್ಯದವರಿಗೆ, ಬಿದ್ದ ಮರವಾದರೆ ಪಾಲಿಕೆಯ ಅರಣ್ಯ ವಿಭಾಗಕ್ಕೆ. ಗೊತ್ತುಮಾಡಿದ ದಿನಗಳಲ್ಲಿ ಕೆಲಸವಾಗದಿದ್ದರೆ ದೂರು ತಾನಾಗಿಯೇ ಮೇಲಿನ ಮೆಟ್ಟಿಲಿಗೆ ಏರಬೇಕು: ಸಹಾಯಕ ಎಂಜಿನಿಯರ್ ಅಂದರೆ ಎಇಯಿಂದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಅಂದರೆ ಎಇಇಗೆ, ಅಲ್ಲಿಂದ ಕಾರ್ಯಪಾಲಕ ಎಂಜಿನಿಯರ್‌ಗೆ. ಪ್ರಾತ್ಯಕ್ಷಿಕೆಯ ದಿನ ಇದೆಲ್ಲ ಬಹಳ ಚೆಂದವಾಗಿ ನಡೆಯುತ್ತದೆ.

ಎಡವಟ್ಟು ಶುರುವಾಗುವುದು ಸಮಸ್ಯೆಯ ಬಗೆಯನ್ನು ಆರಿಸುವಲ್ಲಿ. ರಸ್ತೆಯ ಮೇಲೆ ನೀರು ಹರಿಯುತ್ತಿದೆ ಎಂದುಕೊಳ್ಳಿ. ಅದು ಒಡೆದ ಕಾವೇರಿ ಪೈಪಿನ ನೀರಾದರೆ ಜಲಮಂಡಳಿಯ ಪಾಲು. ಮ್ಯಾನ್‌ಹೋಲ್ ಉಕ್ಕಿ ಬಂದದ್ದಾದರೂ ಜಲಮಂಡಳಿಯದೇ, ಆದರೆ ಅಲ್ಲಿ ನೋಡುವವರು ಬೇರೆ. ರಸ್ತೆಬದಿಯ ಚರಂಡಿ ಕಟ್ಟಿಕೊಂಡು ಬಂದದ್ದಾದರೆ ಪಾಲಿಕೆಯ ವಾರ್ಡ್ ಕಚೇರಿಯದು. ರಾಜಕಾಲುವೆಯಿಂದ ಬಂದದ್ದಾದರೆ ಪಾಲಿಕೆಯದೇ ಆದರೂ ಬೃಹತ್ ನೀರುಗಾಲುವೆ ವಿಭಾಗದ್ದು. ನೀರು ಒಂದೇ, ಬಾಗಿಲು ನಾಲ್ಕು. ಬೀದಿದೀಪದ ಕತೆಯೂ ಹೀಗೆಯೇ. ಬಲ್ಬು ಹೋಗಿದ್ದರೆ ಪಾಲಿಕೆ, ಕಂಬಕ್ಕೆ ಕರೆಂಟೇ ಬರುತ್ತಿಲ್ಲವಾದರೆ ಬೆಸ್ಕಾಂ. ಕೊಂಬೆಯೊಂದು ತಂತಿಯ ಮೇಲೆ ಬಾಗಿದ್ದರೆ ಮೊದಲು ಬೆಸ್ಕಾಂನವರು ಲೈನ್ ಆಫ್ ಮಾಡಬೇಕು, ಆಮೇಲೆ ಅರಣ್ಯ ವಿಭಾಗದ ತಂಡ ಕಡಿಯಬೇಕು, ಕಡಿದು ಬಿದ್ದ ಸೊಪ್ಪು ಸದೆಯನ್ನು ಇನ್ನಾರೋ ಎತ್ತಬೇಕು. ಈ ಕೊನೆಯ ‘ಇನ್ನಾರೋ’ ಬರುವ ಹೊತ್ತಿಗೆ ಸೊಪ್ಪು ಒಣಗಿ ಕಡ್ಡಿಯಾಗಿರುತ್ತದೆ. ರಸ್ತೆಗಳಲ್ಲೂ ಮನೆಮುಂದಿನ ಅಡ್ಡರಸ್ತೆ ವಾರ್ಡಿನದು, ಮುಖ್ಯರಸ್ತೆ ಬೇರೆ ವಿಭಾಗದ್ದು, ಮೆಟ್ರೊ ಕಾಮಗಾರಿ ನಡೆಯುವ ಭಾಗ ಮೆಟ್ರೊ ನಿಗಮದ್ದು, ಹೊಸೂರು ರಸ್ತೆ, ತುಮಕೂರು ರಸ್ತೆಯಂಥವು ಹೆದ್ದಾರಿ ಪ್ರಾಧಿಕಾರದವು. ಮನೆಯಲ್ಲಿ ಕುಳಿತ ನಾಗರಿಕರಿಗೆ ಇದೆಲ್ಲ ತಿಳಿದಿರಬೇಕೆಂದು ನಿರೀಕ್ಷಿಸುವುದೇ ತಪ್ಪು. ತಪ್ಪು ಬಾಗಿಲಿಗೆ ಬಂದ ದೂರನ್ನು ಸರಿಯಾದ ಬಾಗಿಲಿಗೆ ದಾಟಿಸುವುದು ತಂತ್ರಾಂಶ ಮಾಡಬೇಕಾದ ಮೊದಲ ಕೆಲಸ. ಹೆಚ್ಚಿನ ಸಲ ಆಗುವುದು ಬೇರೆ: ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾ ಬಿದ್ದು ದೂರು ಅಲ್ಲಿಗೇ ಮುಗಿಯುತ್ತದೆ.

ಜಾಗದ ಗುರುತೂ ಅಂದುಕೊಂಡಷ್ಟು ಸಲೀಸಲ್ಲ. ಕಿಷ್ಕಿಂಧೆಯಂಥ ಗಲ್ಲಿಯಲ್ಲಿ ಜಿಪಿಎಸ್ ಗುರುತು ಪಕ್ಕದ ಬೀದಿಗೆ ಸರಿದರೆ ದೂರು ಪಕ್ಕದ ವಾರ್ಡಿಗೇ ಹೋಗಿಬಿಡಬಹುದು. ಸಾಲದ್ದಕ್ಕೆ ಬೆಂಗಳೂರಿನ ವಾರ್ಡ್ ಗಡಿಗಳೇ ಒಂದು ಕಡೆ ನಿಂತಿಲ್ಲ. 2010ರ ಚುನಾವಣೆಯ ಹೊತ್ತಿಗೆ 198 ಇದ್ದ ವಾರ್ಡುಗಳನ್ನು 2022ರಲ್ಲಿ 243 ಎಂದರು, 2023ರಲ್ಲಿ 225 ಎಂದರು. 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿನ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಗಡಿಗಳನ್ನು ಮತ್ತೊಮ್ಮೆ ಗೀಚಲಾಯಿತು. ಪ್ರತಿ ಸಲವೂ ತಂತ್ರಾಂಶದೊಳಗಿನ ನಕ್ಷೆ ಬದಲಾಗಬೇಕು, ಯಾವ ಬೀದಿ ಯಾವ ಎಂಜಿನಿಯರ್‌ಗೆ ಸೇರಿದ್ದೆಂಬ ಪಟ್ಟಿ ಬದಲಾಗಬೇಕು, ವರ್ಗವಾಗಿ ಹೋದವರ ಹೆಸರಿನಲ್ಲಿ ಕೊಳೆಯುತ್ತಿರುವ ದೂರುಗಳನ್ನು ಹೊಸಬರಿಗೆ ಒಪ್ಪಿಸಬೇಕು. ಇನ್ನು ಎರಡು ವಾರ್ಡುಗಳ ನಡುವೆ ಗಡಿಯಾಗಿರುವ ರಸ್ತೆಯಲ್ಲಿ ಬಿದ್ದ ಗುಂಡಿ ಎರಡೂ ಕಡೆಯ ಎಂಜಿನಿಯರ್‌ಗಳ ಕಣ್ಣಿಗೆ ಬೀಳದಿರುವುದು ಈ ಊರಿನಲ್ಲಿ ಹೊಸ ವಿಷಯವೇನಲ್ಲ.

ದೂರು ಸರಿಯಾದ ಎಇಯ ಲಾಗಿನ್‌ಗೇ ಬಂತೆನ್ನಿ. ಅವರ ಮುಂದೆ ಒಂದು ಪಟ್ಟಿ ಇರುತ್ತದೆ. ಪರಿಶೀಲನಾ ಸಭೆಯಲ್ಲಿ ಮೇಲಧಿಕಾರಿ ಕೇಳುವುದು ಎಷ್ಟು ಬಾಕಿ ಎಂದು. ಎಷ್ಟು ಗುಂಡಿ ಮುಚ್ಚಿದಿರಿ, ಮುಚ್ಚಿದ್ದು ಎಷ್ಟು ದಿನ ನಿಂತಿತು ಎಂದಲ್ಲ. ಬಲ್ಬು ಹಾಕಿಸಲು, ಕಸ ಎತ್ತಿಸಲು ವಾರ್ಷಿಕ ನಿರ್ವಹಣೆಯ ಗುತ್ತಿಗೆ ಇರುತ್ತದೆ, ಒಂದು ಫೋನಿನಲ್ಲಿ ಆಗುವ ಕೆಲಸ. ಕುಸಿದ ಚರಂಡಿಗೋಡೆ ಹಾಗಲ್ಲ. ಅಂದಾಜುಪಟ್ಟಿ ಆಗಬೇಕು, ಮಂಜೂರಾತಿ ಸಿಗಬೇಕು, ಟೆಂಡರ್ ಕರೆಯಬೇಕು, ಕಾರ್ಯಾದೇಶ ಹೊರಬೀಳಬೇಕು. ತಿಂಗಳುಗಳ ಈ ದಾರಿಯನ್ನು ತೋರಿಸುವ ಜಾಗವೇ ತಂತ್ರಾಂಶದಲ್ಲಿ ಇಲ್ಲವಾದರೆ, ‘ಅನುದಾನ ಬಂದ ನಂತರ ಕೈಗೊಳ್ಳಲಾಗುವುದು’ ಎಂದು ಬರೆದು ದೂರು ಮುಗಿಸುವುದೇ ಎಂಜಿನಿಯರ್‌ಗೆ ಉಳಿಯುವ ಸುಲಭ ದಾರಿ. ಕೆಲಸ ಆಗಿ ಮುಗಿದದ್ದು, ವ್ಯಾಪ್ತಿಗೆ ಬಾರದ್ದು, ದುಡ್ಡಿಲ್ಲದೆ ನಿಂತದ್ದು, ಬೇರೆಯವರು ಆಗಲೇ ಕೊಟ್ಟ ದೂರಿನ ಪುನರಾವರ್ತನೆ — ಎಲ್ಲವೂ ಲೆಕ್ಕದಲ್ಲಿ ಒಂದೇ ಸಾಲಿಗೆ ಬೀಳುತ್ತವೆ. ವರ್ಷದ ಕೊನೆಗೆ ಬರುವ ‘ಶೇಕಡ ಇಷ್ಟು ದೂರುಗಳಿಗೆ ಪರಿಹಾರ’ ಎಂಬ ಅಂಕಿಯನ್ನು ಯಾರೂ ನಂಬದಿರಲು ಬೇರೆ ಕಾರಣ ಬೇಕಿಲ್ಲ.

ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿದೆ. ಬ್ರಿಟನ್ನಿನ ಮೈ ಸೊಸೈಟಿ ಎಂಬ ಸಂಸ್ಥೆ 2007ರಲ್ಲಿ ಫಿಕ್ಸ್ ಮೈ ಸ್ಟ್ರೀಟ್ ಎಂಬ ತಾಣವನ್ನು ಶುರುಮಾಡಿತು. (ಬಿಬಿಎಂಪಿಯೂ ಗುಂಡಿಗಳಿಗಾಗಿ ಇದೇ ಹೆಸರಿನ ಆ್ಯಪ್ ತಂದಿತ್ತು, ಎರಡೂ ಬೇರೆ ಬೇರೆ.) ಅಲ್ಲಿ ಕೊಟ್ಟ ದೂರು ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಒಂದೇ ಗುಂಡಿಗೆ ಹತ್ತು ಜನ ಹತ್ತು ದೂರು ಕೊಡುವ ಗೋಜಿಲ್ಲ, ಮೊದಲೇ ಇರುವ ದೂರಿಗೆ ಮಾತು ಸೇರಿಸಿದರೆ ಸಾಕು. ನಾಲ್ಕು ವಾರ ಕಳೆದ ಮೇಲೆ ದೂರು ಕೊಟ್ಟವರಿಗೆ ಒಂದು ಇಮೇಲ್ ಬರುತ್ತದೆ: ಸರಿಯಾಯಿತೆ? ಆಯಿತೋ ಇಲ್ಲವೋ ಎಂದು ದೂರುದಾರರೂ ಹೇಳುತ್ತಾರೆ, ಅದು ದಾಖಲೆಗೆ ಸೇರುತ್ತದೆ. ಮುಗಿಸುವ ಅಧಿಕಾರ ಅಧಿಕಾರಿಯ ಕೈಯಲ್ಲಷ್ಟೇ ಇರದೆ ದೂರು ಕೊಟ್ಟವರಿಗೂ ಅದರಲ್ಲಿ ಒಂದು ಮಾತು ಇರುವುದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ದೂರಿನ ವ್ಯವಸ್ಥೆಯ ಮರ್ಯಾದೆ ನಿಂತಿರುವುದೇ ಇದರ ಮೇಲೆ.

ಅಧಿಕೃತ ದಾರಿ ಕೈಕೊಟ್ಟಾಗ ಜನ ತಮ್ಮದೇ ದಾರಿ ಹುಡುಕಿಕೊಂಡಿದ್ದಾರೆ. ಅದು ವಾಟ್ಸ್‌ಆ್ಯಪ್. ಬಡಾವಣೆಯ ನಿವಾಸಿಗಳ ಸಂಘ, ವಾರ್ಡಿನ ಎಂಜಿನಿಯರ್, ಜಲಮಂಡಳಿಯ ಎಇ, ಬೆಸ್ಕಾಂನ ಲೈನ್‌ಮನ್ ಎಲ್ಲ ಇರುವ ಗುಂಪಿನಲ್ಲಿ ಬೆಳಗ್ಗೆ ಹಾಕಿದ ಫೋಟೊಗೆ ಸಂಜೆಯೊಳಗೆ ‘ಡನ್ ಸರ್’ ಎಂಬ ಉತ್ತರ ಬರುವುದುಂಟು. ಗಂಟೆಯ ಲೆಕ್ಕದಲ್ಲಿ ನೋಡಿದರೆ ಯಾವ ಸರ್ಕಾರಿ ಆ್ಯಪ್ ಕೂಡ ಇದಕ್ಕೆ ಸಾಟಿಯಲ್ಲ. ಆದರೆ ಇದರಲ್ಲೊಂದು ತಕರಾರಿದೆ. ಗುಂಪಿನಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಕೆಲಸ ನಿಂತಿದೆ. ನಿವೃತ್ತ ಅಧಿಕಾರಿಗಳು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು ಇರುವ ಗುಂಪಿನ ಬಡಾವಣೆ ಚೊಕ್ಕಟವಾಗುತ್ತದೆ. ಅದರ ಹಿಂದಿನ ಕೊಳೆಗೇರಿಯ ಸಾರ್ವಜನಿಕ ನಲ್ಲಿಯ ಬಗ್ಗೆ ಬರೆಯುವವರು ಅಲ್ಲಿ ಇರುವುದಿಲ್ಲ. ಎಂಜಿನಿಯರ್ ವರ್ಗವಾದ ದಿನ ಗುಂಪಿನಿಂದ ಹೊರಬೀಳುತ್ತಾರೆ, ಹೊಸಬರಿಗೆ ಹಳೆಯದೊಂದೂ ಗೊತ್ತಿರುವುದಿಲ್ಲ. ಒಂದೇ ಜಾಗದಲ್ಲಿ ವರ್ಷಕ್ಕೆ ಎಷ್ಟು ಸಲ ಪೈಪು ಒಡೆಯಿತು ಎಂಬ ಲೆಕ್ಕ ಯಾರ ಬಳಿಯೂ ಉಳಿಯುವುದಿಲ್ಲ.

ಫೋನ್ ಇದ್ದವರ ಊರೇ ಇಡೀ ಊರು ಎಂದುಕೊಳ್ಳುವ ಅಪಾಯಕ್ಕೆ ಅಮೆರಿಕದ ಬೋಸ್ಟನ್ ನಗರದ ಉದಾಹರಣೆಯನ್ನು ಎಲ್ಲೆಡೆ ಕೊಡುತ್ತಾರೆ. ಅಲ್ಲಿನ ಆಡಳಿತ 2012ರಲ್ಲಿ ಸ್ಟ್ರೀಟ್ ಬಂಪ್ ಎಂಬ ಆ್ಯಪ್ ತಂದಿತು. ಕಾರು ಗುಂಡಿಗೆ ಇಳಿದು ಕುಲುಕಿದರೆ ಫೋನ್ ತಾನೇ ಅದನ್ನು ಗುರುತಿಸಿ ನಗರಾಡಳಿತಕ್ಕೆ ತಿಳಿಸುವ ಏರ್ಪಾಡು. ಯಾರೂ ದೂರು ಬರೆಯಬೇಕಾಗಿರಲಿಲ್ಲ. ಆದರೆ ಸ್ಮಾರ್ಟ್‌ಫೋನ್ ಮತ್ತು ಕಾರು ಎರಡೂ ಇರುವ ಜನ ಓಡಾಡುವ ರಸ್ತೆಗಳ ಗುಂಡಿಗಳೇ ಹೆಚ್ಚು ಕಾಣುವ, ಬಡವರು, ಮುದುಕರು ಹೆಚ್ಚಿರುವ ಬೀದಿಗಳಲ್ಲಿ ಗುಂಡಿಯೇ ಇಲ್ಲವೆನ್ನುವಂತೆ ತೋರುವ ಅಪಾಯವನ್ನು ಸಂಶೋಧಕರು ಎತ್ತಿ ತೋರಿಸಿದರು. ನಗರಾಡಳಿತವೂ ಇದನ್ನು ಅರಿತು, ಎಲ್ಲ ಬೀದಿಗೂ ಹೋಗುವ ತನ್ನದೇ ವಾಹನಗಳಲ್ಲಿ ಆ್ಯಪ್ ಇರಿಸಿತು. ನಮ್ಮಲ್ಲಿಯೂ ಕಸದ ಆಟೊ ಹೋಗದ ಬೀದಿ ಕಡಿಮೆ. ದೂರು ಬರುವವರೆಗೆ ಕಾಯದೆ ಪಾಲಿಕೆಯೇ ನೋಡಿ ತಿಳಿಯಬಹುದಾದದ್ದು ಬೇಕಾದಷ್ಟಿದೆ. ಫೋನಿನಲ್ಲಿ ಕನ್ನಡದಲ್ಲಿ ಮಾತನಾಡಿ ದೂರು ಕೊಡುವ ಸೌಲಭ್ಯವನ್ನು ಯಾವ ಆ್ಯಪ್ ಬಂದರೂ ತೆಗೆಯಬಾರದು ಎನ್ನುವುದಕ್ಕೂ ಕಾರಣ ಇದೇ.

ದೂರುಗಳನ್ನು ಬಿಡಿಬಿಡಿಯಾಗಿ ತೀರಿಸುವ ಜೊತೆಗೆ ಒಟ್ಟಾಗಿ ಓದಿದರೆ ಏನು ದಕ್ಕುತ್ತದೆ ಎಂಬುದಕ್ಕೆ ನ್ಯೂಯಾರ್ಕಿನದೊಂದು ಸ್ವಾರಸ್ಯದ ಪ್ರಸಂಗವಿದೆ. ಆ ನಗರ 2003ರಲ್ಲಿ ಎಲ್ಲ ಇಲಾಖೆಗಳ ದೂರಿಗೂ 311 ಎಂಬ ಒಂದೇ ಸಂಖ್ಯೆ ತಂದಿತು. 2005ರ ಅಕ್ಟೋಬರ್‌ನಲ್ಲಿ ಮ್ಯಾನ್‌ಹ್ಯಾಟನ್‌ನ ಜನ, ಊರೆಲ್ಲ ಮೇಪಲ್ ಪಾಕದಂಥ ಸಿಹಿ ವಾಸನೆ ಎಂದು ಆ ನಂಬರಿಗೆ ಫೋನ್ ಮಾಡತೊಡಗಿದರು. ವಿಷಾನಿಲವೇನೋ ಎಂಬ ಭಯ. ವಾಸನೆ ಬರುತ್ತಿತ್ತು, ಹೋಗುತ್ತಿತ್ತು, ಕೆಲವು ತಿಂಗಳ ಬಳಿಕ ಮತ್ತೆ ಬರುತ್ತಿತ್ತು. ಕೊನೆಗೆ ಕರೆ ಬಂದ ಜಾಗ, ಹೊತ್ತು ಮತ್ತು ಆ ಹೊತ್ತಿನ ಗಾಳಿಯ ದಿಕ್ಕು ಇವನ್ನು ನಕ್ಷೆಯ ಮೇಲೆ ಕೂಡಿಸಿ ನೋಡಿದಾಗ ಬೆರಳು ತೋರಿದ್ದು ಹಡ್ಸನ್ ನದಿಯಾಚೆಯ ನ್ಯೂಜೆರ್ಸಿಯ ಕಡೆಗೆ. ಅಲ್ಲಿನ ಸುಗಂಧದ ಕಾರ್ಖಾನೆಯೊಂದರಲ್ಲಿ ಸಂಸ್ಕರಿಸುತ್ತಿದ್ದ ಮೆಂತ್ಯದ ಕಾಳಿನ ವಾಸನೆ ಅದು ಎಂದು 2009ರಲ್ಲಿ ಮೇಯರ್ ಪ್ರಕಟಿಸಿದರು. ಜನರ ಮೂಗು, ಸರಿಯಾಗಿ ಇಟ್ಟ ದೂರಿನ ಲೆಕ್ಕ ಮತ್ತು ಗಾಳಿಯ ದಿಕ್ಕು ದಾರಿ ತೋರಿಸಿದವು. ಬೆಂಗಳೂರಿನ ಒಂದು ಮಳೆಗಾಲದ ನೀರು ನುಗ್ಗಿದ ಕರೆಗಳನ್ನು ರಾಜಕಾಲುವೆಯ ನಕ್ಷೆಯ ಮೇಲೆ ಹೀಗೇ ಹರಡಿದರೆ ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ಮೋರಿ ಕಿರಿದಾಗಿದೆ ಎಂಬುದರ ಬಹುಪಾಲು ತಾನಾಗಿ ಹೊರಬೀಳುತ್ತದೆ.

ನಾಗರಿಕರೂ ಪಾಲಿಕೆಯೂ ಕೂಡಿ ಕೆಲಸ ಮಾಡುವ ವಿಷಯದಲ್ಲಿ ಬೆಂಗಳೂರಿಗೆ ಸ್ಮಾರ್ಟ್‌ಫೋನಿಗಿಂತ ಹಳೆಯ ಅನುಭವವಿದೆ. ಸ್ಯಾಮ್ಯುಯಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ನೀರು, ವಿದ್ಯುತ್, ಪಾಲಿಕೆ ಮುಂತಾದ ಸೇವೆಗಳ ಬಗ್ಗೆ ಜನರಿಂದ ಅಂಕ ಹಾಕಿಸಿ ‘ರಿಪೋರ್ಟ್ ಕಾರ್ಡ್’ ಪ್ರಕಟಿಸಿತು. ಪ್ರಶ್ನಾವಳಿಯ ಕಾಗದವೇ ಆಗಿನ ತಂತ್ರಜ್ಞಾನ. ಮೊದಲ ಸಲ ಬಂದ ಅಂಕಗಳು ಹೇಳಿಕೊಳ್ಳುವಂತಿರಲಿಲ್ಲ. 1999ರಲ್ಲಿ, 2003ರಲ್ಲಿ ಮತ್ತೆ ಮಾಡಿದಾಗ ಕೊನೆಯ ಸಲಕ್ಕೆ ಒಳ್ಳೆಯ ಸುಧಾರಣೆ ಕಂಡಿತು. 2000ದಲ್ಲಿ ಬಂದ ಸ್ವಯಂಘೋಷಿತ ಆಸ್ತಿ ತೆರಿಗೆ ಇನ್ನೂ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಕಂದಾಯ ಪರಿವೀಕ್ಷಕರು ಬಂದು ನೋಡಿ ಹೇಳಿದ್ದೇ ತೆರಿಗೆ. ಹೇಳುವ ಮೊದಲು ಬೇರೆ ಮಾತುಕತೆ ನಡೆಯುತ್ತಿದ್ದದ್ದೂ ಗುಟ್ಟೇನಲ್ಲ. ಮನೆಯವರೇ ಚದರಡಿ ಲೆಕ್ಕ ಹಾಕಿ ಅರ್ಜಿ ತುಂಬಿ ಕಟ್ಟಲಿ ಎಂದು ಪಾಲಿಕೆ ನಂಬಿತು, ವಸೂಲಿ ಏರಿತು. 2002ರಲ್ಲಿ ಶುರುವಾದ ‘ಪ್ರೂಫ್’ ಆಂದೋಲನದ ಒತ್ತಾಯದಿಂದ ಪಾಲಿಕೆ ಮೂರು ತಿಂಗಳಿಗೊಮ್ಮೆ ತನ್ನ ಜಮಾಖರ್ಚನ್ನು ಜನರ ಮುಂದಿಟ್ಟು ಚರ್ಚೆಗೆ ಕುಳಿತದ್ದೂ ಉಂಟು. ಈ ಮೂರರಲ್ಲಿ ಒಂದರಲ್ಲೂ ಆ್ಯಪ್ ಇರಲಿಲ್ಲ. ಮೂರರಲ್ಲೂ ಜನರಿಗೆ ಲೆಕ್ಕ ಸಿಕ್ಕಿತು ಅಥವಾ ಲೆಕ್ಕ ಹಾಕುವ ಕೆಲಸವೇ ಅವರದಾಯಿತು.

ಗಡುವಿಗೆ ಕಾನೂನಿನ ಬಲವಿದ್ದರೆ ತಂತ್ರಾಂಶಕ್ಕೂ ಹಲ್ಲು ಬರುತ್ತದೆ ಎಂಬುದಕ್ಕೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಕಾಯ್ದೆ ಸಾಕ್ಷಿ. ಅರ್ಜಿ ಕೊಟ್ಟ ಕೂಡಲೆ ಜಿಎಸ್‌ಸಿ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಸೇವೆಗೆ ದಿನ ಗೊತ್ತಾಗಿರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಸಣ್ಣದು. ಆದರೆ ವಿಳಂಬಕ್ಕೆ ಕಾರಣನಾದ ನೌಕರನ ಸಂಬಳದಿಂದ ಹೋಗುವ ದುಡ್ಡೆಂಬ ಕಾರಣಕ್ಕೆ ಅದಕ್ಕೊಂದು ಖದರಿದೆ. ಪ್ರಮಾಣಪತ್ರ, ಖಾತೆಯಂಥ ಕಾಗದದ ಕೆಲಸಗಳಿಗೆ ಒಪ್ಪುವ ಈ ಕ್ರಮ ರಸ್ತೆ, ಚರಂಡಿಗೆ ಹಾಗೆಯೇ ಒಪ್ಪುವುದಿಲ್ಲ, ಏಕೆಂದರೆ ಅಲ್ಲಿ ಪ್ರಶ್ನೆ ದುಡ್ಡಿನದು ಮತ್ತು ಯಾವುದು ಮೊದಲು ಎಂಬುದರದು. ಅದನ್ನು ತೀರ್ಮಾನಿಸಬೇಕಾದ ಜಾಗ ವಾರ್ಡ್ ಸಮಿತಿ.

ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗಲೇ ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಾಯಿತು. ಕರ್ನಾಟಕದಲ್ಲಿ ಅದರ ನಿಯಮಗಳು ಬಂದದ್ದು 2016ರಲ್ಲಿ, ಅದೂ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ. ಬೆಂಗಳೂರಿನ ಸಭೆಗಳು ಒಂದು ಲಯಕ್ಕೆ ಬರುವಷ್ಟರಲ್ಲಿ, 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿಯೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಟರ್ ಕೂರಬೇಕಾದ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಜನ ಆ್ಯಪ್‌ಗಳ ಮೇಲೆ ಇಷ್ಟೊಂದು ಭಾರ ಹಾಕಿದ್ದಕ್ಕೆ ಇದೂ ಒಂದು ಕಾರಣ: ಮನೆ ಬಾಗಿಲಿಗೆ ಹೋಗಿ ದಬಾಯಿಸಲು ಕಾರ್ಪೊರೇಟರ್ ಇರಲಿಲ್ಲ. ತಿಂಗಳ ದೂರುಗಳ ಪಟ್ಟಿಯನ್ನು, ಮುಗಿದವು, ನಿಂತವು, ಏಕೆ ನಿಂತವು ಎಂಬುದರ ಸಹಿತ ವಾರ್ಡ್ ಸಮಿತಿಯ ಮೇಜಿನ ಮೇಲೆ ಇಟ್ಟರೆ ಸಭೆಗೂ ಕೆಲಸ ಸಿಗುತ್ತದೆ, ದೂರಿಗೂ ನೆಲೆ ಸಿಗುತ್ತದೆ. ಈಗ ದೂರಿನ ತಂತ್ರಾಂಶ ಒಂದು ಕಡೆ, ಸಮಿತಿಯ ನಡಾವಳಿ ಪುಸ್ತಕ ಇನ್ನೊಂದು ಕಡೆ, ಪರಸ್ಪರ ಪರಿಚಯವೇ ಇಲ್ಲ.

ಪರಿಚಯವಿಲ್ಲದ ಮೂರನೆಯದೊಂದಿದೆ, ಅದೇ ಮುಖ್ಯ: ಕಾಮಗಾರಿ ಬಿಲ್ಲಿನ ಲೆಕ್ಕ. ಪಾಲಿಕೆ ಮಾಡಿಸುವ ಕಾಮಗಾರಿಗೆ ಒಂದು ಜಾಬ್ ಕೋಡ್ ಇರುತ್ತದೆ. ವಾರ್ಡಿನ ಸಂಖ್ಯೆ, ವರ್ಷ, ಕ್ರಮಸಂಖ್ಯೆ ಸೇರಿದ ಒಂದು ಸಾಲು ಅಂಕಿ. ಅದರ ಹಿಂದೆ ಕಾಮಗಾರಿಯ ಹೆಸರು, ಗುತ್ತಿಗೆದಾರ, ಮೊತ್ತ, ಬಿಲ್ಲು ಪಾವತಿಯಾದ ದಿನ ಎಲ್ಲ ಇರುತ್ತವೆ. ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದೊಂದು ಷರತ್ತೂ ಇರುತ್ತದೆ; ಕಚೇರಿಯಲ್ಲಿ ಎಲ್ಲರೂ ಡಿಎಲ್‌ಪಿ ಎನ್ನುತ್ತಾರೆ. ಆ ಅವಧಿಯೊಳಗೆ ಡಾಂಬರು ಕಿತ್ತುಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಪಾಲಿಕೆ ಒಂದು ಪೈಸೆಯನ್ನೂ ಹಾಕಬೇಕಿಲ್ಲ. ಈಗ ಗುಂಡಿಯ ಫೋಟೊ ಹಾಕಿದ ತಕ್ಷಣ ಪರದೆಯ ಮೇಲೆ ಹೀಗೆ ಬರುತ್ತದೆ ಎಂದುಕೊಳ್ಳಿ: ಈ ರಸ್ತೆಗೆ ಇಂಥ ತಿಂಗಳು ಡಾಂಬರು ಹಾಕಲಾಗಿದೆ, ಜಾಬ್ ಕೋಡ್ ಇಂಥದು, ಹೊಣೆಗಾರಿಕೆ ಇನ್ನೂ ಹದಿನಾಲ್ಕು ತಿಂಗಳಿದೆ. ಅಲ್ಲಿಂದ ಮುಂದೆ ದೂರು ಎಂಜಿನಿಯರ್‌ಗೆ ಮನವಿಯಾಗಿ ಹೋಗುವುದಿಲ್ಲ, ಗುತ್ತಿಗೆದಾರರಿಗೆ ನೋಟಿಸಾಗಿ ಹೋಗುತ್ತದೆ. ಅನುದಾನವಿಲ್ಲ ಎಂಬ ಷರಾಕ್ಕೆ ಜಾಗವೇ ಉಳಿಯುವುದಿಲ್ಲ. ಮೊನ್ನೆಯಷ್ಟೇ ಡಾಂಬರು ಹಾಕಿದ ರಸ್ತೆಯನ್ನು ಅಗೆಯಲು ಯಾರು ಯಾರಿಗೆ ಅನುಮತಿ ಕೊಟ್ಟರು, ಮತ್ತೆ ಮುಚ್ಚುವ ದುಡ್ಡು ಯಾರು ಕಟ್ಟಿದ್ದಾರೆ ಎಂಬುದೂ ಅದೇ ಪರದೆಗೆ ಬಂದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಬೇಡ. ಪಾಲಿಕೆಯ ಕಂಪ್ಯೂಟರುಗಳಲ್ಲಿ ಆಗಲೇ ಇರುವ ಎರಡು ಪಟ್ಟಿಗಳನ್ನು ರಸ್ತೆಯ ಗುರುತಿನ ಮೇಲೆ ಜೋಡಿಸಿದರೆ ಸಾಕು. ಇಷ್ಟು ಸರಳವಾದದ್ದು ಇನ್ನೂ ಆಗದೆ ಹೊಸ ಹೊಸ ಆ್ಯಪ್‌ಗಳ ಬಿಡುಗಡೆ ಸಮಾರಂಭ ಮಾತ್ರ ನಡೆಯುತ್ತಿರುವುದನ್ನು ನೋಡಿದರೆ, ಅಡ್ಡಿ ಇರುವುದು ತಂತ್ರಜ್ಞಾನದಲ್ಲಿ ಅಲ್ಲ ಎಂದೇ ಹೇಳಬೇಕಾಗುತ್ತದೆ.

ಪಾಲಿಕೆ ಈ ಲೆಕ್ಕಗಳನ್ನು ಜೋಡಿಸುವವರೆಗೆ ಕಾಯುವ ಅಗತ್ಯ ನಾಗರಿಕರಿಗಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಯೋಜನೆ, ಖರ್ಚು, ಪಾವತಿಯ ವಿವರಗಳನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಸಾರ್ವಜನಿಕ ಕಚೇರಿಯ ಕರ್ತವ್ಯ. ಅದೇ ಕಾಯ್ದೆ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಮನೆಮುಂದಿನ ರಸ್ತೆಯ ಜಾಬ್ ಕೋಡ್ ಯಾವುದು, ಅದರ ಹೊಣೆಗಾರಿಕೆ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಲು ಕರ್ನಾಟಕದ ನಿಯಮದಂತೆ 150 ಪದಗಳೊಳಗಿನ ಒಂದು ಅರ್ಜಿ ಸಾಕು. ಶುಲ್ಕ 10 ರೂಪಾಯಿ.